ಫ್ಲಟರ್ ಬೇಕಾ, ರಿಯಾಕ್ಟ್ ನೇಟಿವ್ ಬೇಕಾ? ಮೊದಲು ಬಳಸುವವರ ಫೋನ್ ನೋಡಿ

ಇಂಜಿನಿಯರಿಂಗ್ ಓದುವ ಹುಡುಗರು, ಈಗಷ್ಟೇ ಆ್ಯಪ್ ಕೆಲಸಕ್ಕೆ ಇಳಿದವರು, ಕೆಲವೊಮ್ಮೆ ಅಂಗಡಿ ಸಾಹುಕಾರರೇ ಬಂದು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. ಫ್ಲಟರ್ ಒಳ್ಳೆಯದಾ, ರಿಯಾಕ್ಟ್ ನೇಟಿವ್ ಒಳ್ಳೆಯದಾ? ಎರಡೂ ಆ್ಯಪ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳು, ಅಂದರೆ ಫ್ರೇಮ್‌ವರ್ಕ್. ನಾನು ತಿರುಗಿ ಕೇಳುತ್ತೇನೆ: ಆ್ಯಪ್ ಯಾರ ಕೈಯಲ್ಲಿ ಇರುತ್ತದೆ? ಅವರ ಫೋನ್ ಯಾವುದು? ಫೋನಿಗೆ ಪ್ರಿಂಟರ್, ತೂಕದ ಯಂತ್ರ ಏನಾದರೂ ಸೇರಿಸಬೇಕಾ? ಎರಡು ವರ್ಷ ಕಳೆದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಕಲಬುರಗಿಯಲ್ಲಿ ನಮ್ಮದು ಚಿಕ್ಕ ತಂಡ. ಗಂಜ್‌ನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತಿ (ಕಮಿಷನ್) ಅಂಗಡಿ, ದಾಲ್ ಮಿಲ್, ಕ್ಲಿನಿಕ್, ಕೋಚಿಂಗ್ ಕ್ಲಾಸ್ ಇಂಥವರಿಗೆ ಆ್ಯಪ್ ಮಾಡಿಕೊಡುತ್ತೇವೆ. ಬೀದರ್, ಯಾದಗಿರಿ ಕಡೆಯ ಕೆಲಸವೂ ಬರುತ್ತದೆ. ಇಲ್ಲಿಯ ಆ್ಯಪ್‌ಗಳಿಗೆ ಕೆಲವು ವಿಷಯ ಬೇಕೇ ಬೇಕು: ಕನ್ನಡ ಚೆನ್ನಾಗಿ ಕಾಣಬೇಕು, ಉರ್ದು ಕೂಡ ಇರಬೇಕು, ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲಬಾರದು, ಹಳೆಯ ಆಂಡ್ರಾಯ್ಡ್ ಫೋನಿನಲ್ಲೂ ನಡೆಯಬೇಕು. ಆ ಕಣ್ಣಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಏನು ನಡೆಯುತ್ತದೆ

ಒಂದೇ ಸಲ ಕೋಡ್ ಬರೆದು ಆಂಡ್ರಾಯ್ಡ್‌ಗೂ ಐಫೋನ್‌ಗೂ ಆ್ಯಪ್ ಮಾಡುವುದನ್ನು ಕ್ರಾಸ್ ಪ್ಲಾಟ್‌ಫಾರ್ಮ್ ಅನ್ನುತ್ತೇವೆ. ಅದನ್ನು ಮಾಡುವ ದಾರಿ ಮಾತ್ರ ಒಂದೊಂದರದ್ದು ಒಂದೊಂದು ತರ.

ಫ್ಲಟರ್ ಗೂಗಲ್‌ನದು, ಭಾಷೆ ಡಾರ್ಟ್. 2018ರ ಡಿಸೆಂಬರ್‌ನಲ್ಲಿ ಇದರ 1.0 ಬಂತು. ಫೋನಿನಲ್ಲಿ ಮೊದಲೇ ಇರುವ ಬಟನ್, ಪೆಟ್ಟಿಗೆಗಳನ್ನು ಇದು ಬಳಸುವುದಿಲ್ಲ. ಪರದೆಯ ಮೇಲಿನ ಪ್ರತಿಯೊಂದನ್ನೂ ತಾನೇ ಬಿಡಿಸುತ್ತದೆ. ಹಾಗಾಗಿ ಯಾವ ಕಂಪನಿಯ ಫೋನ್ ಆದರೂ ಆ್ಯಪ್ ಹೆಚ್ಚುಕಡಿಮೆ ಒಂದೇ ತರ ಕಾಣುತ್ತದೆ.

ರಿಯಾಕ್ಟ್ ನೇಟಿವ್ ಅನ್ನು ಫೇಸ್‌ಬುಕ್ 2015ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಭಾಷೆ ಜಾವಾಸ್ಕ್ರಿಪ್ಟ್ ಅಥವಾ ಟೈಪ್‌ಸ್ಕ್ರಿಪ್ಟ್. ನೀವು ಬರೆದದ್ದು ಜಾವಾಸ್ಕ್ರಿಪ್ಟ್ ಆದರೂ ಪರದೆಯ ಮೇಲೆ ಬರುವುದು ಫೋನಿನ ಸ್ವಂತ ಬಟನ್, ಸ್ವಂತ ಅಕ್ಷರ. ಮೊದಲು ಈ ಎರಡರ ನಡುವೆ ಸಂದೇಶ ಹೋಗಿ ಬರುವ ಒಂದು ಸೇತುವೆ ಇತ್ತು. ಕೆಲಸ ಜಾಸ್ತಿ ಆದಾಗ ಅಲ್ಲೇ ತಡ ಆಗುತ್ತಿತ್ತು. 2024ರ ಕೊನೆಯಲ್ಲಿ ಬಂದ 0.76ರಿಂದ ಆ ಸೇತುವೆ ಇಲ್ಲದ ಹೊಸ ವಿನ್ಯಾಸವೇ ಮೊದಲ ಆಯ್ಕೆ ಆಗಿದೆ. 'ರಿಯಾಕ್ಟ್ ನೇಟಿವ್ ನಿಧಾನ' ಅಂತ ಹೇಳುವ ಹಳೆಯ ವಿಡಿಯೋಗಳನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ವಿಡಿಯೋ ಯಾವ ವರ್ಷದ್ದು ಅಂತ ಮೊದಲು ನೋಡಿ.

ಜೆಟ್‌ಬ್ರೈನ್ಸ್‌ನ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ 2023ರ ನವೆಂಬರ್‌ನಲ್ಲಿ ಸ್ಥಿರ ಆವೃತ್ತಿಗೆ ಬಂತು. ಭಾಷೆ ಕೋಟ್ಲಿನ್. ಇದರಲ್ಲಿ ಲೆಕ್ಕ, ಡೇಟಾಬೇಸ್, ಸರ್ವರ್ ಜೊತೆಗಿನ ವ್ಯವಹಾರ ಒಂದೇ ಕಡೆ ಬರೆಯುತ್ತೀರಿ. ಪರದೆಯನ್ನು ಬೇಕಾದರೆ ಎರಡೂ ಕಡೆ ಬೇರೆ ಬೇರೆ ಮಾಡಬಹುದು, ಕಂಪೋಸ್ ಅನ್ನುವ ಪರದೆ ಕಟ್ಟುವ ಸಲಕರಣೆ ಬಳಸಿ ಅದನ್ನೂ ಒಂದೇ ಮಾಡಬಹುದು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮಾವಿ ಸಿ ಶಾರ್ಪ್ ಭಾಷೆ ಬಲ್ಲವರಿಗೆ. ಅಯಾನಿಕ್, ಕೆಪಾಸಿಟರ್ ಅನ್ನುವವು ವೆಬ್ ಪುಟವನ್ನೇ ಆ್ಯಪ್ ಒಳಗೆ ಕೂರಿಸುತ್ತವೆ.

ಎರಡೂ ಫೋನಿಗೆ ಬೇಕೇ ಬೇಕಾ?

ನಮ್ಮ ಗಂಜ್‌ನಲ್ಲಿ ಮುನೀಮರ ಕೈಯಲ್ಲಿ ಆಂಡ್ರಾಯ್ಡ್. ಸಾಹುಕಾರರ ಮಗನ ಕೈಯಲ್ಲಿ ಐಫೋನ್. ರೈತರಿಗೆ ಕೊಡುವ ಲೆಕ್ಕದ ಚೀಟಿ, ಅಂದರೆ ಪಟ್ಟಿ ಬರೆಯುವವರು ಮುನೀಮರು, ಸಂಜೆ ಲೆಕ್ಕ ನೋಡುವವರು ಮನೆಯವರು. ಇಂಥ ಕಡೆ ಎರಡೂ ಬೇಕು, ಅಲ್ವಾ? ಆದರೆ ಆಶಾ ಕಾರ್ಯಕರ್ತೆಯರಿಗೆ, ಗೋಡೌನ್ ಹಮಾಲರ ಹಾಜರಿಗೆ, ಶಾಲೆಯ ಬಸ್ ಡ್ರೈವರ್‌ಗೆ ಆ್ಯಪ್ ಮಾಡುವುದಾದರೆ ಎಲ್ಲರದ್ದೂ ಬಹುಶಃ ಆಂಡ್ರಾಯ್ಡೇ ಇರುತ್ತದೆ. ಕೇಳಿ ಖಾತ್ರಿ ಮಾಡಿಕೊಳ್ಳಿ. ಐಫೋನ್ ಯಾರ ಹತ್ತಿರವೂ ಇಲ್ಲ ಅಂತಾದರೆ ಸುಮ್ನೆ ಕೋಟ್ಲಿನ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಮಾಡಿ. ನಡುವೆ ಇನ್ನೊಂದು ಪದರ ಇಟ್ಟುಕೊಳ್ಳುವ ಅಗತ್ಯ ಇಲ್ಲ.

ಆ್ಯಪ್ಪೇ ಬೇಡ ಅನ್ನುವ ಸಂದರ್ಭವೂ ಇದೆ. ಬೀದರಿನ ಬಿದ್ರಿ ಕುಶಲಕರ್ಮಿಯೊಬ್ಬರು ತಮ್ಮ ಹೂದಾನಿ, ಡಬ್ಬಿ, ತಟ್ಟೆಗಳನ್ನು ಹೊರಗಿನವರಿಗೆ ತೋರಿಸಬೇಕು ಅಂದುಕೊಳ್ಳಿ. ಕೊಳ್ಳುವವರು ಒಂದು ಹೂದಾನಿಗಾಗಿ ಆ್ಯಪ್ ಇಳಿಸಿಕೊಳ್ಳುವುದಿಲ್ಲ. ಅವರಿಗೆ ಬೇಕಾದದ್ದು ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದಾದ ಒಂದು ಒಳ್ಳೆಯ ವೆಬ್ ಪುಟ. ಇಂಥವರು ಬಂದಾಗ ಆ್ಯಪ್ ಬೇಡ ಅಂತಲೇ ಹೇಳಿ ಕಳಿಸಿ. ಅವರ ದುಡ್ಡು ಉಳಿಯುತ್ತದೆ.

ಐಫೋನ್ ಬೇಕು ಅಂದರೆ ಖರ್ಚಿನ ಲೆಕ್ಕ ಮೊದಲೇ ಮುಂದಿಡಿ. ಗೂಗಲ್ ಪ್ಲೇ ಖಾತೆಗೆ 25 ಡಾಲರ್, ಒಮ್ಮೆ ಕಟ್ಟಿದರೆ ಸಾಕು. ಆಪಲ್‌ಗೆ ವರ್ಷಕ್ಕೆ 99 ಡಾಲರ್, ಪ್ರತಿ ವರ್ಷ. ಐಫೋನ್ ಆ್ಯಪ್ ಕಟ್ಟಲು ಎಕ್ಸ್‌ಕೋಡ್ ಅನ್ನುವ ಆಪಲ್‌ನ ಸಾಫ್ಟ್‌ವೇರ್ ಬೇಕು, ಎಕ್ಸ್‌ಕೋಡ್‌ಗೆ ಮ್ಯಾಕ್ ಬೇಕು. ಯಾವ ಫ್ರೇಮ್‌ವರ್ಕ್ ಆರಿಸಿದರೂ ಇದು ತಪ್ಪುವುದಿಲ್ಲ. ಮ್ಯಾಕ್ ಇಲ್ಲದವರಿಗೆ ಬಾಡಿಗೆ ದಾರಿ ಇದೆ. ರಿಯಾಕ್ಟ್ ನೇಟಿವ್‌ಗಾದರೆ ಎಕ್ಸ್‌ಪೋ ಅನ್ನುವ ಸಲಕರಣೆ ಗುಂಪಿನ ಇಎಎಸ್ ಬಿಲ್ಡ್, ಫ್ಲಟರ್‌ಗಾದರೆ ಕೋಡ್‌ಮ್ಯಾಜಿಕ್ ಇಂಥ ಸೇವೆಗಳು ತಮ್ಮ ಮ್ಯಾಕ್‌ನಲ್ಲಿ ಆ್ಯಪ್ ಕಟ್ಟಿ ಕಳಿಸುತ್ತವೆ. ಆದರೆ ಕೈಯಲ್ಲಿ ಹಿಡಿದು ನೋಡಲು ಒಂದು ನಿಜವಾದ ಐಫೋನ್ ಆದರೂ ಬೇಕು.

ಪ್ಲೇ ಸ್ಟೋರ್ ಬಗ್ಗೆ ಇನ್ನೊಂದು ಮಾತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆ ಆದರೆ, ಆ್ಯಪ್ ಎಲ್ಲರಿಗೂ ಸಿಗುವ ಮೊದಲು ಕನಿಷ್ಠ 12 ಜನ ಸತತ 14 ದಿನ ಪರೀಕ್ಷೆಯ ಪಟ್ಟಿಯಲ್ಲಿ ಇರಬೇಕು. ಸಂಸ್ಥೆಯ ಹೆಸರಿನ ಖಾತೆಗೆ ಈ ನಿಯಮ ಇಲ್ಲ, ಆದರೆ ಡನ್ಸ್ ನಂಬರ್ (ಸಂಸ್ಥೆಯ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳಬೇಕು. ಗಿರಾಕಿಗೆ ಬಿಡುಗಡೆಯ ದಿನ ಹೇಳುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಎಲ್ಲಕ್ಕಿಂತ ಹಳೆಯ ಫೋನ್ ಹುಡುಕಿ

ಅಂಗಡಿಗೆ ಹೋದಾಗ ನಾನು ಮಾಲೀಕರ ಫೋನ್ ನೋಡುವುದಿಲ್ಲ, ಅಲ್ಲಿ ಎಲ್ಲಕ್ಕಿಂತ ಹಳೆಯ ಫೋನ್ ಇಟ್ಟುಕೊಂಡವರನ್ನು ಹುಡುಕುತ್ತೇನೆ. ಒಮ್ಮೆ ಒಬ್ಬ ಹಿರಿಯ ಮುನೀಮರು ತಮ್ಮ ಫೋನ್ ಮುಂದೆ ಹಿಡಿದು ಕೇಳಿದ್ದರು: 'ಇದು ನಮ್ಮ ಹಳೀ ಫೋನ್‌ದಾಗ ನಡೀತದೇನ್ರಿ? ಹೊಸಾದು ಕೊಡಸಂಗಿಲ್ಲ ನೋಡ್ರಿ ಸಾಹುಕಾರ್ರು.' ಫ್ರೇಮ್‌ವರ್ಕ್ ಆರಿಸುವವರು ಉತ್ತರ ಕೊಡಬೇಕಾದ ಪ್ರಶ್ನೆ ಇದೇ.

ಆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆಂಡ್ರಾಯ್ಡ್ ಆವೃತ್ತಿ, ರ‍್ಯಾಮ್, ಖಾಲಿ ಜಾಗ ಬರೆದುಕೊಳ್ಳಿ. ರಿಯಾಕ್ಟ್ ನೇಟಿವ್ 0.76ರಿಂದ ಆಂಡ್ರಾಯ್ಡ್ 7 ಅಥವಾ ಅದಕ್ಕಿಂತ ಹೊಸದು ಬೇಕು. ಫ್ಲಟರ್ ಕೂಡ ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಬಿಡುತ್ತಾ ಬಂದಿದೆ. ನೀವು ಬಳಸಲಿರುವ ಆವೃತ್ತಿಯ ದಾಖಲೆಯಲ್ಲಿ ಕನಿಷ್ಠ ಆಂಡ್ರಾಯ್ಡ್ ಯಾವುದು ಅಂತ ಓದಿ, ಬರೆದುಕೊಂಡ ಪಟ್ಟಿಯ ಜೊತೆ ಹೋಲಿಸಿ.

ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಇನ್ನೂ 32 ಬಿಟ್ ಆಂಡ್ರಾಯ್ಡ್ ಇದೆ. ಆ್ಯಪ್ ಸಣ್ಣದಾಗಲಿ ಅಂತ 64 ಬಿಟ್‌ಗೆ ಮಾತ್ರ ಕಟ್ಟಿದರೆ ಇವುಗಳಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ. ಗಾತ್ರ ಇಳಿಸಲು ಬೇರೆ ದಾರಿ ಇದೆ. ಪ್ಲೇ ಸ್ಟೋರ್‌ಗೆ ಆ್ಯಪ್ ಬಂಡಲ್ ಹಾಕಿದರೆ ಯಾವ ಫೋನಿಗೆ ಎಷ್ಟು ಬೇಕೋ ಅಷ್ಟೇ ಇಳಿಯುತ್ತದೆ. ಎಪಿಕೆ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲನ್ನು ನೇರವಾಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಪ್ರತಿ ಪ್ರೊಸೆಸರ್ ಬಗೆಗೂ ಬೇರೆ ಬೇರೆ ಎಪಿಕೆ ಮಾಡಿ.

ವೇಗ ನೋಡುವಾಗ ಡೀಬಗ್ ಆವೃತ್ತಿಯಲ್ಲಿ (ಕೋಡ್ ಬರೆಯುವಾಗ ತಪ್ಪು ಹುಡುಕಲು ಬಳಸುವುದು) ನೋಡಲೇಬೇಡಿ. ಹೊಸಬರು ಫ್ಲಟರ್ ನಿಧಾನ, ಎಕ್ಸ್‌ಪೋ ನಿಧಾನ ಅಂತ ಬೈಯುವುದು ಹೆಚ್ಚಾಗಿ ಇದರಿಂದ. ಡೀಬಗ್‌ನಲ್ಲಿ ಡಾರ್ಟ್ ಕೋಡ್ ಓಡುತ್ತಾ ಓಡುತ್ತಾ ತರ್ಜುಮೆ ಆಗುತ್ತದೆ, ಜೊತೆಗೆ ನೂರೆಂಟು ತಪಾಸಣೆ ನಡೆಯುತ್ತಿರುತ್ತವೆ. ಬಳಸುವವರಿಗೆ ಕೊಡುವ ರಿಲೀಸ್‌ನಲ್ಲಿ ಎಲ್ಲ ಮೊದಲೇ ಯಂತ್ರದ ಭಾಷೆಗೆ ಇಳಿದಿರುತ್ತದೆ. ರಿಯಾಕ್ಟ್ ನೇಟಿವ್‌ನಲ್ಲೂ ಹರ್ಮಿಸ್ ಎಂಜಿನ್ ಜಾವಾಸ್ಕ್ರಿಪ್ಟನ್ನು ರಿಲೀಸ್ ಕಟ್ಟುವಾಗಲೇ ಬೈಟ್‌ಕೋಡ್ ಮಾಡಿ ಇಡುತ್ತದೆ. ರಿಲೀಸ್ ಆವೃತ್ತಿ ಹಾಕಿ, ಫೋನ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ, ಆಮೇಲೆ ಆ್ಯಪ್ ತೆರೆಯಿರಿ. ಆಗ ಕಾಣುವುದೇ ನಿಜವಾದ ವೇಗ.

ಕನ್ನಡ, ಉರ್ದು ಎರಡೂ ಕಾಣಬೇಕು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಬೆಂಗಳೂರು, ಹೈದರಾಬಾದ್‌ನ ದೊಡ್ಡ ಕಂಪನಿಗಳು ಇಂಗ್ಲಿಷ್‌ನಲ್ಲಿ ಆ್ಯಪ್ ಮಾಡಿ ಕೊನೆಗೆ ಅನುವಾದ ಸೇರಿಸುವುದುಂಟು. ನಮ್ಮಲ್ಲಿ ಹಾಗೆ ಮಾಡಿದರೆ ಮುನೀಮರು ಆ್ಯಪ್ ತೆರೆಯುವುದೇ ಇಲ್ಲ.

ಮೊದಲು ಒತ್ತಕ್ಷರ. ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಬಟನ್ನಿನ ಎತ್ತರ ಕಟ್ಟಿದರೆ ಕನ್ನಡದ ಒತ್ತು ಕೆಳಗೆ ಕತ್ತರಿಸಿ ಹೋಗುತ್ತದೆ. 'ಹತ್ತಿ' ಹೋಗಿ 'ಹತಿ' ಆಗುತ್ತದೆ, 'ಒಟ್ಟು ಮೊತ್ತ'ದ ಒತ್ತುಗಳು ಮಾಯ ಆಗುತ್ತವೆ. ರಿಯಾಕ್ಟ್ ನೇಟಿವ್‌ನಲ್ಲಿ ಲೈನ್‌ಹೈಟ್ (ಸಾಲಿನ ಎತ್ತರ) ಕಡಿಮೆ ಕೊಟ್ಟಾಗ ಆಂಡ್ರಾಯ್ಡ್‌ನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಫ್ಲಟರ್‌ನಲ್ಲಿ ಎತ್ತರ ಅಂಕಿ ಹಾಕಿ ಕಟ್ಟಿದ ಪೆಟ್ಟಿಗೆಯೊಳಗೆ ಹೀಗಾಗುತ್ತದೆ. ಎರಡರಲ್ಲೂ ಪರಿಹಾರ ಒಂದೇ. ಎತ್ತರ ಕಟ್ಟಬೇಡಿ, ಮೇಲೆ ಕೆಳಗೆ ಪ್ಯಾಡಿಂಗ್, ಅಂದರೆ ಖಾಲಿ ಜಾಗ ಕೊಡಿ, ಸಾಲಿನ ಎತ್ತರ ಅಕ್ಷರ ಗಾತ್ರದ ಒಂದೂವರೆ ಪಟ್ಟು ಇರಲಿ. ಪರೀಕ್ಷೆಗೆ ನಾನು ಯಾವಾಗಲೂ ಹಾಕುವ ಪದಗಳು ಇವು: ಸ್ವಾತಂತ್ರ್ಯ, ರಾಷ್ಟ್ರೀಯ, ಮಲ್ಲಿಕಾರ್ಜುನ, ಬಸವಕಲ್ಯಾಣ, ಅಫಜಲಪುರ. ಮೊದಲ ಎರಡು ಒತ್ತಿಗೆ, ಉಳಿದವು ಉದ್ದಕ್ಕೆ.

ಉದ್ದದ ವಿಷಯದಲ್ಲಿ ಫ್ಲಟರ್ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಪದ ಅಡ್ಡಸಾಲಿನಿಂದ ಹೊರಗೆ ಚಾಚಿದರೆ ಡೀಬಗ್ ಪರದೆಯಲ್ಲಿ ಹಳದಿ ಕಪ್ಪು ಪಟ್ಟೆ ಬರುತ್ತದೆ, ಎಷ್ಟು ಪಿಕ್ಸೆಲ್ ಹೊರಗೆ ಹೋಯಿತು ಅಂತಲೂ ಹೇಳುತ್ತದೆ. 'ರದ್ದುಗೊಳಿಸಿ' ಅನ್ನುವುದು ಇಂಗ್ಲಿಷ್‌ನ 'ಕ್ಯಾನ್ಸಲ್'ಗಿಂತ ಅಗಲ. ಆ ಪಟ್ಟೆ ಇಲ್ಲದಿದ್ದರೆ ಇಂಥದ್ದು ಗಿರಾಕಿಯ ಕಣ್ಣಿಗೇ ಮೊದಲು ಬೀಳುತ್ತದೆ.

ಫಾಂಟ್ ಆ್ಯಪ್ ಒಳಗೇ ಇಡಿ. ಫೋನಿನ ಫಾಂಟ್ ನಂಬಿದರೆ ಕಂಪನಿಗೊಂದು ತರ ಕಾಣುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಉಚಿತ, ಆ್ಯಪ್ ಜೊತೆ ಹಂಚಲು ಅಡ್ಡಿ ಇಲ್ಲ. ಲೆಕ್ಕದ ಪರದೆಗೆ ನೋಟೋ ನನಗೆ ಇಷ್ಟ, ಅಂಕಿಗಳು ಸ್ಪಷ್ಟ. ಹಣವನ್ನು 1,25,000 ಅಂತ ನಮ್ಮ ರೀತಿಯಲ್ಲೇ ತೋರಿಸಿ. 125,000 ಅಂತ ತೋರಿಸಿದರೆ ಗಂಜ್‌ನಲ್ಲಿ ಯಾರೂ ಒಂದೇ ನೋಟಕ್ಕೆ ಓದುವುದಿಲ್ಲ. ಭಾರತದ ಇಂಗ್ಲಿಷ್ ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಹಾಕಿದರೆ ಎರಡೂ ಫ್ರೇಮ್‌ವರ್ಕ್‌ನಲ್ಲಿ ಇದು ಬರುತ್ತದೆ.

ಹುಡುಕುವ ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣದ ತೊಂದರೆ ಒಂದಿದೆ. ಕನ್ನಡದ 'ೊ' ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, 'ೆ' ಮತ್ತು 'ೂ' ಎರಡನ್ನು ಸೇರಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹಳೆಯ ಎಕ್ಸೆಲ್ ಪಟ್ಟಿಯಿಂದ ತಂದ 'ತೊಗರಿ'ಗೂ ಮುನೀಮರು ಟೈಪ್ ಮಾಡಿದ 'ತೊಗರಿ'ಗೂ ಹೀಗೆ ಹೊಂದದೆ ಹೋಗಬಹುದು. ಅಕ್ಷರಗಳ ನಡುವೆ ಕೀಬೋರ್ಡ್ ಸೇರಿಸುವ ಕಾಣದ ಜೋಡಕಗಳೂ ಹೀಗೇ ಕಾಡುತ್ತವೆ. ಉಳಿಸುವ ಮೊದಲು, ಹುಡುಕುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಅನ್ನುವ ಯೂನಿಕೋಡ್‌ನ ಒಂದೇ ರೂಪಕ್ಕೆ ತನ್ನಿ. ಹುಡುಕಾಟಕ್ಕೆ ಅಂತ ಇಡುವ ಪ್ರತಿಯಲ್ಲಿ ಆ ಜೋಡಕಗಳನ್ನು ತೆಗೆದುಬಿಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಎನ್‌ಎಫ್‌ಸಿ ಮಾಡುವ ಸೌಲಭ್ಯ ಭಾಷೆಯಲ್ಲೇ ಇದೆ. ಡಾರ್ಟ್‌ನಲ್ಲಿ ಅದಕ್ಕೆ ಹೊರಗಿನ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸೇರಿಸಬೇಕು.

ಇನ್ನು ಉರ್ದು. ಕಲಬುರಗಿ, ಬೀದರ್‌ನಲ್ಲಿ ಸಾರ್ವಜನಿಕರಿಗೆ ಆ್ಯಪ್ ಮಾಡುವುದಾದರೆ ಉರ್ದು ಬಿಡುವ ಹಾಗಿಲ್ಲ. ಅದು ಬಲದಿಂದ ಎಡಕ್ಕೆ ಬರುವ ಬರಹ. ಅಕ್ಷರ ಮಾತ್ರ ತಿರುಗಿದರೆ ಸಾಲದು, ಹಿಂದೆ ಹೋಗುವ ಬಾಣ, ಐಕಾನ್, ಅಂಚಿನ ಜಾಗ ಎಲ್ಲ ತಿರುಗಬೇಕು. ಫ್ಲಟರ್‌ನಲ್ಲಿ ಭಾಷೆ ಉರ್ದು ಅಂತ ಬದಲಿಸಿದ ಕ್ಷಣವೇ ಪರದೆ ತಿರುಗುತ್ತದೆ. ಅಂಚುಗಳನ್ನು 'ಎಡ', 'ಬಲ' ಅಂತ ಬರೆಯದೆ 'ಆರಂಭ', 'ಕೊನೆ' ಅಂತ ಬರೆದಿರಬೇಕು, ಅಷ್ಟೇ. ರಿಯಾಕ್ಟ್ ನೇಟಿವ್‌ನಲ್ಲೂ ಆಗುತ್ತದೆ, ಆದರೆ ದಿಕ್ಕು ಬದಲಾಗಲು ಆ್ಯಪ್ ಮತ್ತೆ ಚಾಲೂ ಆಗಬೇಕು. ಒಂದೇ ಫೋನನ್ನು ಕನ್ನಡದವರೂ ಉರ್ದುವಿನವರೂ ಸರದಿಯಲ್ಲಿ ಬಳಸುವ ಕೌಂಟರ್ ಇದ್ದರೆ ಇದು ದೊಡ್ಡ ವ್ಯತ್ಯಾಸ. ನಸ್ತಾಲೀಕ್ ಶೈಲಿಯ ಫಾಂಟ್ ಹಾಕಿದರೆ ಸಾಲಿನ ಎತ್ತರ ಕನ್ನಡಕ್ಕಿಂತಲೂ ಜಾಸ್ತಿ ಬೇಕಾಗುತ್ತದೆ. ಉರ್ದು ಓದುವವರ ಹತ್ತಿರ ತೋರಿಸಿ, ಅವರು ಸರಿ ಅಂದ ಮೇಲೆ ಮುಂದುವರಿಯಿರಿ.

ಪ್ರಿಂಟರ್, ತಕ್ಕಡಿ

ರೈತರಿಗೆ ಪಟ್ಟಿ ಕೈಗೆ ಕೊಡಬೇಕು. ಸಣ್ಣ ಬ್ಲೂಟೂತ್ ಥರ್ಮಲ್ ಪ್ರಿಂಟರ್‌ಗೆ ಕನ್ನಡ ಅಕ್ಷರವನ್ನು ಹಾಗೇ ಕಳಿಸಿದರೆ ಅರ್ಥವಿಲ್ಲದ ಚಿಹ್ನೆ ಬರುತ್ತದೆ, ಏಕೆಂದರೆ ಅದರೊಳಗೆ ಕನ್ನಡ ಫಾಂಟ್ ಇರುವುದಿಲ್ಲ. ಪಟ್ಟಿಯನ್ನು ಪರದೆಯಲ್ಲಿ ಬಿಡಿಸಿ, ಅದನ್ನೇ ಕಪ್ಪು ಬಿಳಿ ಚಿತ್ರ ಮಾಡಿ ಕಳಿಸಬೇಕು. 58 ಮಿ.ಮೀ. ಕಾಗದದ ಪ್ರಿಂಟರ್ ಸಾಮಾನ್ಯವಾಗಿ ಅಡ್ಡಕ್ಕೆ 384 ಚುಕ್ಕೆ ಹೊಡೆಯುತ್ತದೆ, 80 ಮಿ.ಮೀ.ಯದು 576. ಚಿತ್ರದ ಅಗಲ ಅಷ್ಟೇ ಇರಲಿ. ಫ್ಲಟರ್‌ನಲ್ಲಿ ಪರದೆಯ ಒಂದು ಭಾಗವನ್ನು ಚಿತ್ರ ಮಾಡುವ ರಿಪೇಂಟ್ ಬೌಂಡರಿ ಮೊದಲೇ ಇದೆ. ರಿಯಾಕ್ಟ್ ನೇಟಿವ್‌ಗೆ ವ್ಯೂ ಶಾಟ್ ಅನ್ನುವ ಪ್ಯಾಕೇಜ್ ಬೇಕು. ಬೂದು ಬಣ್ಣ, ತೆಳು ಅಕ್ಷರ ಬೇಡ. ಕಾಗದದ ಮೇಲೆ ಮುರಿದು ಕಾಣುತ್ತವೆ.

ಕೊಳ್ಳುವ ಮೊದಲು ಪ್ರಿಂಟರ್ ಹಳೆಯ ಕ್ಲಾಸಿಕ್ ಬ್ಲೂಟೂತಾ, ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಬಿಎಲ್ಇ ಆ ಅಂತ ಕೇಳಿ. ಕ್ಲಾಸಿಕ್ ಆದರೆ ಆಂಡ್ರಾಯ್ಡ್‌ಗೆ ತೊಂದರೆ ಇಲ್ಲ. ಐಫೋನ್‌ನಲ್ಲಿ ಮಾತ್ರ ಆಪಲ್‌ನ ಎಂಎಫ್ಐ ಅನುಮತಿ ಪಡೆದ ಸಾಧನಗಳಿಗೇ ಅದು ನಡೆಯುತ್ತದೆ. ಫ್ರೇಮ್‌ವರ್ಕ್ ಬದಲಿಸಿದರೂ ಈ ಗೋಡೆ ಹೋಗುವುದಿಲ್ಲ. ದಾಲ್ ಮಿಲ್‌ನ ಎಲೆಕ್ಟ್ರಾನಿಕ್ ತಕ್ಕಡಿಗೂ ಇದೇ ಮಾತು. ಬ್ಲೂಟೂತ್ ಪ್ಯಾಕೇಜ್ ಆರಿಸುವಾಗಲೂ ಎಚ್ಚರ ಬೇಕು. ಫ್ಲಟರ್‌ನಲ್ಲಿ ತುಂಬಾ ಜನ ಬಳಸುವ ಫ್ಲಟರ್ ಬ್ಲೂ ಪ್ಲಸ್ ಬಿಎಲ್ಇಗೆ ಮಾತ್ರ.

ಹೊರಗಿನ ಪ್ಯಾಕೇಜ್ ಯಾವುದೇ ಇರಲಿ, ಕೊನೆಯ ಬಿಡುಗಡೆ ಯಾವಾಗ, ಎಷ್ಟು ದೂರು ಬಾಕಿ ಇವೆ, ಆ ದೂರಿಗೆ ಯಾರಾದರೂ ಉತ್ತರ ಕೊಡುತ್ತಿದ್ದಾರಾ ಅಂತ ನೋಡಿ. ಒಬ್ಬರೇ ನಡೆಸುವ, ವರ್ಷಗಳಿಂದ ಮುಟ್ಟದ ಪ್ಯಾಕೇಜ್ ಮೇಲೆ ನಿಮ್ಮ ಆ್ಯಪ್ಪಿನ ಮುಖ್ಯ ಕೆಲಸ ನಿಂತಿದ್ದರೆ ಆ ಭಾಗವನ್ನು ಕೋಟ್ಲಿನ್‌ನಲ್ಲಿ ನೀವೇ ಬರೆಯಲು ಸಿದ್ಧರಿರಿ. ಎರಡೂ ಫ್ರೇಮ್‌ವರ್ಕ್ ಅದಕ್ಕೆ ದಾರಿ ಇಟ್ಟಿವೆ.

ನೆಟ್‌ವರ್ಕ್ ಇಲ್ಲದಾಗ

ಇದರಲ್ಲಿ ಫ್ಲಟರ್, ರಿಯಾಕ್ಟ್ ನೇಟಿವ್ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ಎರಡರಲ್ಲೂ ಎಸ್‌ಕ್ಯೂಲೈಟ್ ಅನ್ನುವ ಫೋನಿನೊಳಗಿನ ಡೇಟಾಬೇಸ್ ಬಳಸಬಹುದು. ಬರೆದದ್ದು ಮೊದಲು ಫೋನಿನಲ್ಲಿ ಉಳಿಯಲಿ, ಆಮೇಲೆ ಸರ್ವರ್‌ಗೆ ಹೋಗಲಿ. ಪ್ರತಿ ಪಟ್ಟಿಗೂ ಗುರುತಿನ ಸಂಖ್ಯೆ ಫೋನಿನಲ್ಲೇ ಹುಟ್ಟಲಿ. ಆಗ ಅದೇ ಪಟ್ಟಿ ಎರಡು ಸಲ ಹೋದರೂ ಸರ್ವರ್ ಒಂದೇ ಅಂತ ಗುರುತಿಸುತ್ತದೆ. ಇನ್ನೂ ಹೋಗದ ಪಟ್ಟಿ ಎಷ್ಟಿವೆ ಅಂತ ಪರದೆಯ ಮೇಲೆ ಸದಾ ತೋರಿಸಿ. ಹಿನ್ನೆಲೆಯಲ್ಲಿ ತಾನೇ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಬ್ಯಾಟರಿ ಉಳಿಸುವ ನೆಪದಲ್ಲಿ ಎಷ್ಟೋ ಫೋನ್‌ಗಳು ಹಿನ್ನೆಲೆ ಕೆಲಸ ನಿಲ್ಲಿಸುತ್ತವೆ, ಐಫೋನ್ ಇನ್ನೂ ಬಿಗಿ.

ನಾಳೆ ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಊರಿನ ಹುಡುಗರು ಕಲಿತ ಮೇಲೆ ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋಗುತ್ತಾರೆ. ಹೋಗಲಿ, ಅವರ ಬದುಕು. ಆದರೆ ಅವರು ಕಟ್ಟಿದ ಆ್ಯಪ್ ಇಲ್ಲೇ ಉಳಿಯುತ್ತದೆ. ಅದಕ್ಕೇ ಇಲ್ಲಿ ಸಿಗುವ ಜನರಿಗೆ ಗೊತ್ತಿರುವ ಭಾಷೆ ನೋಡಬೇಕು. ವೆಬ್ ಕೆಲಸ ಮಾಡುವವರು ಎಲ್ಲ ಊರಿನಲ್ಲೂ ಇದ್ದಾರೆ, ಅವರಿಗೆ ಜಾವಾಸ್ಕ್ರಿಪ್ಟ್ ಗೊತ್ತು. ಡಾರ್ಟ್ ಬಲ್ಲವರು ಅಷ್ಟು ಸಿಗುವುದಿಲ್ಲ. ಆದರೆ ಕಾಲೇಜಿನಲ್ಲಿ ಜಾವಾ ಸರಿಯಾಗಿ ಕಲಿತವರಿಗೆ ಡಾರ್ಟ್ ಬೇಗ ಒಲಿಯುತ್ತದೆ, ಬರೆಯುವ ರೀತಿ ಹತ್ತಿರ ಹತ್ತಿರ ಒಂದೇ.

ಯಾವ ಫ್ರೇಮ್‌ವರ್ಕ್ ಕೂಡ ಶಾಶ್ವತ ಅಲ್ಲ. ಅಡೋಬಿ ಫೋನ್‌ಗ್ಯಾಪನ್ನು 2020ರಲ್ಲಿ ನಿಲ್ಲಿಸಿತು. ಝಾಮರಿನ್‌ಗೆ ಮೈಕ್ರೋಸಾಫ್ಟ್ ಬೆಂಬಲ 2024ರ ಮೇ 1ಕ್ಕೆ ಮುಗಿಯಿತು, ಅದರಲ್ಲಿ ಇದ್ದವರು ಮಾವಿಗೆ ಸಾಗಬೇಕಾಯಿತು. ಆದ್ದರಿಂದ ಲೆಕ್ಕದ ನಿಯಮಗಳನ್ನು ಪರದೆಯ ಕೋಡ್ ಜೊತೆ ಕಲಸಬೇಡಿ. ಹಮಾಲಿ ಎಷ್ಟು, ಅಡತಿ ಎಷ್ಟು, ಚೀಲದ ತೂಕ ಹೇಗೆ ಕಳೆಯಬೇಕು, ಇವೆಲ್ಲ ಬೇರೆ ಫೈಲಿನಲ್ಲಿ, ಪರೀಕ್ಷೆಗಳ ಸಮೇತ ಇರಲಿ. ನಾಳೆ ಫ್ರೇಮ್‌ವರ್ಕ್ ಬದಲಾದರೂ ಆ ಭಾಗ ಓದಿ ಹೊಸದು ಬರೆಯಬಹುದು.

ಆ್ಯಪ್ ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ಲೇ ಸ್ಟೋರ್ ಪ್ರತಿ ವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದಿಸಲು ಹೇಳುತ್ತದೆ. 2025ರಲ್ಲಿ ಆಗಸ್ಟ್ 31ರೊಳಗೆ ಆಂಡ್ರಾಯ್ಡ್ 15ಕ್ಕೆ ಹೊಂದಿಸಬೇಕಿತ್ತು. ಗಂಜ್‌ಗೆ ಹೊಸ ತೊಗರಿ ಬರುವುದು ಡಿಸೆಂಬರ್, ಜನವರಿ ಹೊತ್ತಿಗೆ. ಆಗ ಯಾರಿಗೂ ಆ್ಯಪ್ ಕೆಟ್ಟಿದೆ ಅಂತ ಕೇಳಿಸಿಕೊಳ್ಳುವ ತಾಳ್ಮೆ ಇರುವುದಿಲ್ಲ. ಹಾಗಾಗಿ ಫ್ರೇಮ್‌ವರ್ಕ್ ಮೇಲ್ದರ್ಜೆಗೆ ಏರಿಸುವ ಕೆಲಸವನ್ನು ನಾವು ಮಳೆಗಾಲದಲ್ಲೇ ಮುಗಿಸುತ್ತೇವೆ. ನಿಮ್ಮ ಗಿರಾಕಿಯ ಬಿಡುವಿನ ಕಾಲ ಯಾವುದು ಅಂತ ಕೇಳಿ, ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಆ ತಿಂಗಳುಗಳನ್ನೇ ಬರೆಯಿರಿ.

ಇಲ್ಲಿ ರಿಯಾಕ್ಟ್ ನೇಟಿವ್‌ನ ಒಂದು ಬಲ ಹೇಳಲೇಬೇಕು. ಎಕ್ಸ್‌ಪೋದ ಇಎಎಸ್ ಅಪ್‌ಡೇಟ್ ಇದ್ದರೆ ಜಾವಾಸ್ಕ್ರಿಪ್ಟ್ ಭಾಗದ ತಪ್ಪನ್ನು ಸ್ಟೋರ್‌ನ ಪರಿಶೀಲನೆಗೆ ಕಾಯದೆ ನೇರವಾಗಿ ಫೋನಿಗೆ ಕಳಿಸಬಹುದು. ಸೀಜನ್ ನಡುವೆ ಇದು ಜೀವ ಉಳಿಸಿದ ಹಾಗೆ. ಫ್ಲಟರ್‌ನಲ್ಲಿ ಗೂಗಲ್ ಇದನ್ನು ಕೊಟ್ಟಿಲ್ಲ, ಶೋರ್‌ಬರ್ಡ್ ಎಂಬ ಹೊರಗಿನ ಸೇವೆ ಬಳಸಬೇಕು.

ಹಾಗಾದರೆ ಯಾವುದು?

ಹಳೆಯ ಫೋನ್, ಪ್ರಿಂಟರ್, ಕನ್ನಡ ಮತ್ತು ಉರ್ದು, ತುಂಬಾ ಫಾರ್ಮ್‌ಗಳು, ಇಂಥ ಆ್ಯಪ್‌ಗೆ ನಾನು ಫ್ಲಟರ್ ಆರಿಸುತ್ತೇನೆ. ಎಲ್ಲ ಫೋನಿನಲ್ಲೂ ಒಂದೇ ತರ ಕಾಣುತ್ತದೆ ಅನ್ನುವುದೊಂದೇ ನಮಗೆ ಎಷ್ಟೋ ಫೋನ್ ಕರೆ ಉಳಿಸುತ್ತದೆ. ನಿಮ್ಮಲ್ಲಿ ಈಗಾಗಲೇ ರಿಯಾಕ್ಟ್ ವೆಬ್‌ಸೈಟ್ ಇದೆ, ಅದನ್ನು ಮಾಡುವ ಜನ ಇದ್ದಾರೆ ಅಂದರೆ ಎಕ್ಸ್‌ಪೋ ಜೊತೆ ರಿಯಾಕ್ಟ್ ನೇಟಿವ್ ಹಿಡಿಯಿರಿ, ಬೇರೆ ಯೋಚನೆ ಬೇಡ. ಚೆನ್ನಾಗಿ ನಡೆಯುತ್ತಿರುವ ಕೋಟ್ಲಿನ್ ಆ್ಯಪ್ ಇದ್ದು ಈಗ ಐಫೋನ್ ಬೇಕು ಅಂದರೆ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್. ಸರಿಯಾಗಿರುವುದನ್ನು ಒಡೆದು ಮತ್ತೆ ಕಟ್ಟಬೇಡಿ. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಡಾಟ್‌ನೆಟ್‌ನಲ್ಲಿದ್ದು ಅದನ್ನು ಮಾಡಿದವರೇ ಆ್ಯಪ್ ಮಾಡುವುದಾದರೆ ಮಾವಿ. ಕೋಚಿಂಗ್ ಕ್ಲಾಸ್‌ನ ವೇಳಾಪಟ್ಟಿ, ನೋಟಿಸ್ ತೋರಿಸುವುದಷ್ಟೇ ಆದರೆ ಕೆಪಾಸಿಟರ್ ಸಾಕು.

ಕಲಿಯುವ ವಿದ್ಯಾರ್ಥಿಗಳಿಗೆ: 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಆದರೆ ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲೇ ಓಡುವ ನಕಲಿ ಫೋನ್) ತೆರೆಯಬೇಡಿ, ಯುಎಸ್‌ಬಿ ಹಾಕಿ ನಿಮ್ಮ ಫೋನಿನಲ್ಲೇ ಓಡಿಸಿ. ಯಾವುದಾದರೂ ಒಂದನ್ನು ಹಿಡಿದು ಒಂದು ಆ್ಯಪ್ ಸ್ಟೋರ್ ತನಕ ಮುಟ್ಟಿಸಿ. ಎರಡನೆಯದು ಆಮೇಲೆ ಕಷ್ಟ ಅನಿಸುವುದಿಲ್ಲ.

ಇನ್ನೂ ಗೊಂದಲ ಇದ್ದರೆ ಎರಡರಲ್ಲೂ ಒಂದೇ ಪರದೆ ಮಾಡಿ ನೋಡಿ. ಲಾಗಿನ್ ಪರದೆ ಬೇಡ, ಅದು ಎಲ್ಲದರಲ್ಲೂ ಸುಲಭ. ನಿಮ್ಮ ಆ್ಯಪ್‌ನಲ್ಲಿ ಅತಿ ಕಷ್ಟದ್ದು ಯಾವುದೋ ಅದನ್ನೇ ತೆಗೆದುಕೊಳ್ಳಿ. ನಮಗೆ ಅದು ಪಟ್ಟಿಯ ಪರದೆ: ರೈತರ ಹೆಸರು ಹುಡುಕಬೇಕು, ಚೀಲ, ತೂಕ, ದರ ಹಾಕಬೇಕು, ಕಡಿತ ಕಳೆದು ಉಳಿದದ್ದು ತೋರಿಸಬೇಕು, ಪ್ರಿಂಟ್ ಹೊಡೆಯಬೇಕು. ಅದಕ್ಕೆ ಕೆಲವು ಸಾವಿರ ರೈತರ ಹೆಸರಿನ ಪಟ್ಟಿ ತುಂಬಿ. ರಿಲೀಸ್ ಆವೃತ್ತಿ ಕಟ್ಟಿ ಆ ಹಳೆಯ ಫೋನಿಗೆ ಹಾಕಿ. ವಿಮಾನ ಮೋಡ್‌ನಲ್ಲಿ ಇಟ್ಟು ಪಟ್ಟಿ ಬರೆಯಿರಿ, ನಡುವೆ ಫೋನ್ ಕರೆ ಬಂದ ಹಾಗೆ ಬೇರೆ ಆ್ಯಪ್‌ಗೆ ಹೋಗಿ ವಾಪಸ್ ಬನ್ನಿ, ಬರೆದದ್ದು ಉಳಿದಿದೆಯಾ ನೋಡಿ. ಆಮೇಲೆ ಫೋನನ್ನು ಮುನೀಮರ ಕೈಗೆ ಕೊಟ್ಟು ಏನೂ ಹೇಳದೆ ಪಕ್ಕದಲ್ಲಿ ಕೂತುಕೊಳ್ಳಿ. ಅವರು ಎಲ್ಲಿ ತಡೆದರು, ಎಲ್ಲಿ ಕನ್ನಡಕ ಸರಿಮಾಡಿಕೊಂಡರು ಅಂತ ಬರೆದುಕೊಳ್ಳಿ.

ಆಯ್ಕೆ ಆದ ಮೇಲೆ ಯಾವ ಫ್ರೇಮ್‌ವರ್ಕ್, ಯಾವ ಆವೃತ್ತಿ, ಯಾಕೆ ಆರಿಸಿದೆವು ಅಂತ ಒಂದು ಪುಟ ಕನ್ನಡದಲ್ಲೇ ಬರೆದು ಕೋಡ್ ಜೊತೆ ಇಡಿ. ಪ್ಲೇ ಖಾತೆ, ಆಪಲ್ ಖಾತೆ ಎರಡೂ ಗಿರಾಕಿಯ ಹೆಸರಿನಲ್ಲೇ ತೆರೆಸಿ, ನೀವು ಅದರಲ್ಲಿ ಕೆಲಸಗಾರರಾಗಿ ಸೇರಿಕೊಳ್ಳಿ. ಆ್ಯಪ್‌ಗೆ ಸಹಿ ಹಾಕುವ ಕೀಲಿ ಫೈಲ್ ಮತ್ತು ಅದರ ಪಾಸ್‌ವರ್ಡ್‌ನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಅವರ ಕೈಗೆ ಕೊಡಿ, ಕೊಟ್ಟಿದ್ದಕ್ಕೆ ಸಹಿ ಮಾಡಿಸಿಕೊಳ್ಳಿ.